ತಂದೆಯ ಕಸುಬು ಬೇಸಾಯ

ಅಂಜಿನಮ್ಮ ನಮ್ಮೂರು ಹೂಡಿಯ ಮಗಳು. ಪೀಣ್ಯದ ಆಚೆ, ತುಮಕೂರು ರಸ್ತೆಯ ಮಗ್ಗುಲಿನ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಈ ಕಥೆಯನ್ನು ಅವಳೇ ನನಗೆ ಹೇಳಿದ್ದು, ಒಂದೇ ಸಲಕ್ಕಲ್ಲ. ನಮ್ಮ ಬೀದಿಯ ಭಜನೆ ಮನೆಯಲ್ಲಿ ಶನಿವಾರದ ಭಜನೆ ಮುಗಿದ ಮೇಲೆ ಜಮಖಾನ ಸುತ್ತುತ್ತ, ಉಳಿದ ಹೂ ಆರಿಸುತ್ತ ಸ್ವಲ್ಪ ಸ್ವಲ್ಪವೇ ಹೇಳುತ್ತಿದ್ದಳು. ಬರೆಯಲೇ ಎಂದು ಕೇಳಿದಾಗ, "ಬರೀರಕ್ಕ. ಆದ್ರೆ ಆಸ್ಪತ್ರೆಯೋರು ಬರ್ಕಂಡಂಗೆ ಬರೀಬ್ಯಾಡಿ, ಪೂರ್ತಿ ಕೇಳ್ಕಂಡು ಬರೀರಿ" ಎಂದಳು.

ಅವಳ ಗಂಡನ ಮನೆಯವರು ಒಕ್ಕಲುತನದವರು. ಮಾವ ಚಿಕ್ಕಬೈರಪ್ಪನಿಗೆ ಒಂದು ಕಾಲಕ್ಕೆ ರಾಗಿ ಹೊಲ, ಹುರುಳಿ ಹೊಲ, ಬಾವಿಯ ಪಕ್ಕದಲ್ಲಿ ತರಕಾರಿ ಮಡಿ ಎಲ್ಲ ಇದ್ದವು. ಕಾರ್ಖಾನೆಗಳಿಗೆಂದು ಸರ್ಕಾರ ಭೂಮಿ ತೆಗೆದುಕೊಂಡ ಮೇಲೆ ಉಳಿದದ್ದು ಮನೆ, ಹಿತ್ತಲು, ದನದ ಕೊಟ್ಟಿಗೆ. ಅಂಜಿನಮ್ಮ ಸೊಸೆಯಾಗಿ ಬರುವ ಹೊತ್ತಿಗೆ ದನಗಳೂ ಮಾರಿಹೋಗಿದ್ದವು. ನೇಗಿಲು ಮಾತ್ರ ಅಟ್ಟದ ಮೇಲಿತ್ತು. ಸಂಕ್ರಾಂತಿಯ ದಿನ ಚಿಕ್ಕಬೈರಪ್ಪ ಅದನ್ನು ಇಳಿಸಿ, ತೊಳೆದು, ಅರಿಶಿನ ಕುಂಕುಮ ಇಟ್ಟು ಕೈಮುಗಿದು ಮತ್ತೆ ಅಟ್ಟಕ್ಕೇರಿಸುತ್ತಿದ್ದ.

ಅವಳ ಗಂಡ ಲಕ್ಷ್ಮಣಪ್ಪ ಸಿಕ್ಕಿದ ಕಾರ್ಖಾನೆಯಲ್ಲಿ ದಿನಗೂಲಿಗೆ ಹೋಗುತ್ತಿದ್ದ. ಮನೆಯ ಮುಂದಿನ ಕೋಣೆಯಲ್ಲಿ ನರಸಿಂಹಯ್ಯ ಎಂಬ ಕಾರ್ಖಾನೆ ಗುಮಾಸ್ತರು ಬಾಡಿಗೆಗಿದ್ದರು. ಖಾಲಿ ಕೊಟ್ಟಿಗೆಯನ್ನು ಪಟ್ಟಣದ ವೆಂಕಟರಮಣಪ್ಪ ಹಿಡಿದಿದ್ದ. ಅವನು ಲಾರಿಗಳ ಹಳೇ ಬ್ಯಾಟರಿ ತರಿಸಿ, ಒಡೆಸಿ, ಒಳಗಿನ ಪ್ಲೇಟುಗಳನ್ನು ಕುಲುಮೆಯಲ್ಲಿ ಕರಗಿಸಿ ಗಟ್ಟಿ ಮಾಡಿ ಮಾರುತ್ತಿದ್ದ. ಬೇರೆ ಕಡೆ ಕೆಲಸ ಸಿಗದ ದಿನ ಲಕ್ಷ್ಮಣಪ್ಪನೂ ಅಲ್ಲಿ ಕೈಹಾಕುತ್ತಿದ್ದ. ಅದನ್ನು ಆ ಮನೆಯಲ್ಲಿ ಯಾರೂ ಕಸುಬು ಎಂದು ಕರೆಯುತ್ತಿರಲಿಲ್ಲ.

ಮದುವೆಯಾಗಿ ಕೆಲವು ವರ್ಷ ಮಕ್ಕಳಾಗಲಿಲ್ಲ. ಮುನೇಶ್ವರನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಹೆಣ್ಣುಮಗುವಿಗೆ ಮುನಿರತ್ನ ಎಂದು ಹೆಸರಿಟ್ಟರು. ಮನೆಯಲ್ಲಿ ಎಲ್ಲರಿಗೂ ರತ್ನಿ. ಬಲು ಬೇಗ ಮಾತು ಕಲಿತ ಕೂಸು. ತಾತ ಬೀಡಿ ಹಚ್ಚಿದರೆ ಸೊಂಟದ ಮೇಲೆ ಕೈಯಿಟ್ಟು, "ತಾತಾ, ಆಚ್ಗೋಗಿ ಸೇದು, ದೇವ್ರು ಕೆಮ್ತದೆ" ಎನ್ನುತ್ತಿತ್ತು. ಯಾರಿಗೂ ತಲೆಬಾಗದ ಚಿಕ್ಕಬೈರಪ್ಪ ಎದ್ದು ಆಚೆ ಹೋಗುತ್ತಿದ್ದ.

ಮೂರು ತುಂಬಿದ ಮೇಲೆ ರತ್ನಿಗೆ ಹೊಟ್ಟೆನೋವು ಶುರುವಾಯಿತು. ಮುದುಡಿಕೊಂಡು ಅಳುತ್ತಿತ್ತು. ಹೊರಕಡೆ ಸರಿಯಾಗಿ ಆಗುತ್ತಿರಲಿಲ್ಲ. ಊಟ ಬಿಟ್ಟಿತು, ಮೈ ಬಿಳಿಚಿಕೊಂಡಿತು. ಹತ್ತಿರದ ಡಾಕ್ಟರು ಜಂತುಹುಳ ಎಂದು ಔಷಧಿ ಕೊಟ್ಟರು. ಆಮೇಲೆ ರಕ್ತ ಕಡಿಮೆ ಎಂದು ಟಾನಿಕ್ಕು ಬರೆದರು. ಒಂದು ಬೆಳಿಗ್ಗೆ ಹಿತ್ತಲಲ್ಲಿ ಆಡುತ್ತಿದ್ದ ಕೂಸು ಕಣ್ಣು ಮೇಲೆ ಮಾಡಿ, ಹಲ್ಲು ಕಚ್ಚಿ ಬಿದ್ದುಬಿಟ್ಟಿತು. ಲಕ್ಷ್ಮಣಪ್ಪ ಎತ್ತಿಕೊಂಡು ರಸ್ತೆಗೆ ಓಡಿ, ಎದುರಿಗೆ ಬಂದ ಲಾರಿಯನ್ನೇ ನಿಲ್ಲಿಸಿ ಪಟ್ಟಣದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ.

ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಮೇಜಿನ ಮುಂದೆ ಕೂತು ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಂಡರು. ಹಿಂದೆಯೇ ಬಸ್ಸಿನಲ್ಲಿ ಮಾವ, ಅತ್ತೆ ಇಬ್ಬರೂ ಬಂದಿದ್ದರು.

"ಮನೇಲಿ ಬೇರೆ ಯಾರಿಗಾದರೂ ಮೂರ್ಛೆ ಇದೆಯಾ?"

ಅಂಜಿನಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಭದ್ರಮ್ಮ ಹೇಳಿದಳು: "ನಮ್ಮ ಕಡೆ ಯಾರ್ಗೂ ಇಲ್ಲಾ ಸಾಮಿ. ಇವಳ ತಮ್ಮನ್ಗಿತ್ತು. ಅದ್ರಲ್ಲೇ ಓಗ್ಬಿಟ್ಟ."

ಅದು ಸುಳ್ಳಲ್ಲ. ಅಂಜಿನಮ್ಮನ ತಮ್ಮ ಹುಣಸೇ ಮರದಿಂದ ಬಿದ್ದು ತಲೆಗೆ ಏಟು ಮಾಡಿಕೊಂಡಿದ್ದ. ಆಮೇಲೆ ಮೂರ್ಛೆ ಬರುತ್ತಿತ್ತು. ಒಂದು ದಿನ ಬಾವಿಯ ಹತ್ತಿರ ಬಂತು. ಮರದಿಂದ ಬಿದ್ದ ಸಂಗತಿಯನ್ನು ಅವಳು ಹೇಳಬೇಕು ಎನ್ನುವಷ್ಟರಲ್ಲಿ ಡಾಕ್ಟರು ಮುಂದಿನ ಪ್ರಶ್ನೆಗೆ ಹೋಗಿದ್ದರು.

"ತಂದೆ ಏನು ಕೆಲಸ?"

ಲಕ್ಷ್ಮಣಪ್ಪ ತಡವರಿಸಿದ. ಚಿಕ್ಕಬೈರಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, "ಬೇಸಾಯ ಸಾಮಿ. ನಾವು ಬೇಸಾಯ್ದೋರು" ಎಂದ.

ಡಾಕ್ಟರು ಬರೆದುಕೊಂಡರು.

ಅಲ್ಲಿ ಮೊದಲು ಮಿದುಳಿನ ಜ್ವರವಿರಬಹುದು, ಕ್ಷಯವಿರಬಹುದು ಎಂದು ಎದೆಯ ಎಕ್ಸ್‌ರೇ ತೆಗೆದರು, ಬೆನ್ನಿನಿಂದ ನೀರು ತೆಗೆದು ನೋಡಿದರು. ಏನೂ ಸಿಗಲಿಲ್ಲ. ಕೂಸು ನಿಧಾನಕ್ಕೆ ಚೇತರಿಸಿಕೊಂಡಿತು. ವಾರ್ಡಿನ ಆಯಾಗೆ, "ನಿನ್ ಸೀರೆ ಒಲ್ದಿಲ್ಲ, ಹರ್ದೋಗೈತೆ" ಎಂದು ಹೇಳುವಷ್ಟು ಗೆಲುವಾಯಿತು. ಮನೆಗೆ ಕಳಿಸಿದರು. ಹಬ್ಬದ ಹೊತ್ತಿಗೆ ಮತ್ತೆ ಬಿತ್ತು. ಮತ್ತೆ ಆಸ್ಪತ್ರೆ, ಮತ್ತೆ ಚೇತರಿಕೆ, ಮತ್ತೆ ಮನೆ. ಮೂರನೆಯ ಸಲ ಹೋದಾಗ ದೊಡ್ಡ ಡಾಕ್ಟರು ಹಳೆಯ ಕಾಗದ ತಿರುವಿ ನೋಡಿ, ನಿಂತೇ ಹೇಳಿದರು: "ಇದು ಮೂರ್ಛೆರೋಗ. ತಾಯಿಯ ಕಡೆಯಿಂದ ಬಂದಿದೆ. ಈ ಮಾತ್ರೆ ವರ್ಷಗಟ್ಟಲೆ ತಪ್ಪದೆ ಕೊಡಬೇಕು. ಇನ್ನು ಪದೇಪದೇ ಸೇರಿಸೋದು ಬೇಡ."

ಆ ದಿನದಿಂದ ಮನೆಯಲ್ಲಿ ಮಾತಿನ ದಾರಿಯೇ ಬೇರೆಯಾಯಿತು. ಭದ್ರಮ್ಮ ಕೆಟ್ಟವಳಲ್ಲ, ಮೊಮ್ಮಗಳೆಂದರೆ ಪ್ರಾಣ. ಆ ಪ್ರಾಣಸಂಕಟಕ್ಕೆ ಒಂದು ಹೆಸರು ಸಿಕ್ಕಿತ್ತು. ನೀರು ಸೇದುವಾಗ ಪಕ್ಕದ ಮನೆಯವಳಿಗೆ ಕೇಳುವಂತೆ, "ಹೆಣ್ ತರೋವಾಗ ನಾವು ಮೈಬಣ್ಣ ನೋಡುದ್ವಿ. ರಕ್ತ ನೋಡ್ನಿಲ್ಲ" ಎನ್ನುತ್ತಿದ್ದಳು. ಅಂಜಿನಮ್ಮನಿಗೆ, "ಇನ್ನೊಂದು ಆಸೆ ಇಟ್ಕಂಬ್ಯಾಡ ಕಣಮ್ಮಿ. ಇದೊಂದ್ನೇ ಕಣ್ಣಲ್ ನೋಡಕಾಗ್ದು" ಎಂದಳು.

"ನನ್ಗೂ ಅಂಗೇ ಅನ್ನಿಸ್ತಿತ್ತು ಅಕ್ಕ" ಎಂದಳು ಅಂಜಿನಮ್ಮ ನನಗೆ. "ಮೊಲೆ ಹಾಲು ಕುಡಿಸಿದ್ದು ಜ್ಞಾಪಕ ಬಂದ್ರೆ ವಿಷ ಕುಡಿಸ್ದಂಗೆ ಅನ್ನಿಸ್ತಿತ್ತು. ನಿಜಾನಾ ಅಂತ ತಿಳ್ಕಬೇಕಿತ್ತು. ನಿಜ ಆದ್ರೆ ಒಪ್ಕಂತಿದ್ದೆ."

ಆಸ್ಪತ್ರೆಯ ಚೀಟಿಗಳು, ಬಿಡುಗಡೆ ಕಾರ್ಡುಗಳು, ರಕ್ತ ಪರೀಕ್ಷೆಯ ಕಾಗದಗಳು, ಎಕ್ಸ್‌ರೇ ಹಾಳೆ, ಒಂದನ್ನೂ ಅವಳು ಕಳೆದಿರಲಿಲ್ಲ. ಮನೆಯಲ್ಲಿ ಹಿಂದೆ ರಾಗಿ ತುಂಬುತ್ತಿದ್ದ ದೊಡ್ಡ ಮಣ್ಣಿನ ವಾಡೆ ಖಾಲಿ ನಿಂತಿತ್ತು. ಅದರೊಳಗೆ ಬಟ್ಟೆಯ ಚೀಲದಲ್ಲಿ ಕಟ್ಟಿ ಇಟ್ಟಿದ್ದಳು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತಿದ್ದಳು, ಅಂಕಿಗಳು ಗೊತ್ತಿದ್ದವು. ಕಾಗದಗಳು ಇಂಗ್ಲಿಷಿನಲ್ಲಿದ್ದವು. ಒಂದು ಭಾನುವಾರ ಮಧ್ಯಾಹ್ನ ಚೀಲ ತಂದು ಜಗಲಿಯ ಮೇಲೆ ಕೂತಿದ್ದ ನರಸಿಂಹಯ್ಯನವರ ಮುಂದೆ ಇಟ್ಟಳು.

"ಓದಿ ಹೇಳಿ ಸಾಮಿ. ಒಂದಕ್ಷರ ಬಿಡ್ದಂಗೆ."

ನರಸಿಂಹಯ್ಯ ಕನ್ನಡಕ ಏರಿಸಿದರು. "ಅಂಜಿನಮ್ಮ, ನನ್ನ ಕೆಲಸ ಬೋಲ್ಟು ನಟ್ಟಿನ ಬಿಲ್ಲು ಬರೆಯೋದು. ಡಾಕ್ಟರ ಕೈಬರಹ ದೇವರೇ ಓದಬೇಕು."

"ದೇವ್ರಿಗೂ ತೋರ್ಸಿದೀನಿ. ಈಗ ನೀವು ನೋಡಿ."

ಅವರು ನಕ್ಕು ಮೊದಲ ಹಾಳೆ ತೆಗೆದರು. ಚಿಕ್ಕಬೈರಪ್ಪ ಬಂದು ಕಂಬಕ್ಕೆ ಒರಗಿ ಕೂತ. ಹೆಸರು, ವಯಸ್ಸು, ಊರು. "ತಂದೆಯ ಕಸುಬು, ಬೇಸಾಯ" ಎಂದು ಓದಿದಾಗ ಚಿಕ್ಕಬೈರಪ್ಪ ತಲೆದೂಗಿದ.

"ಇಂಗ್ಲಿಷ್ನಾಗೂ ಬರ್ದವ್ರಾ?"

"ಬರೆದಿದ್ದಾರೆ ಗೌಡ್ರೇ. ಪ್ರತಿ ಹಾಳೆ ತಲೆ ಮೇಲೂ ಇದೆ."

"ಇರ್ಲಿ. ಸರ್ಕಾರ ಭೂಮಿ ಕಿತ್ಕಂತು, ಇದನ್ನ ಕಿತ್ಕಳಕಾಗ್ನಿಲ್ಲ."

ಅದರ ಕೆಳಗೇ, ತಾಯಿಯ ತಮ್ಮನಿಗೆ ಮೂರ್ಛೆ ಎಂದಿತ್ತು. ಅದರ ಅಡಿಗೆ ಗೆರೆ ಎಳೆದಿದ್ದರು. ಎರಡನೇ ಕಾರ್ಡಿನಲ್ಲೂ ಅದೇ, ಮೂರನೆಯದರಲ್ಲೂ ಅದೇ. ಹೊಸ ಡಾಕ್ಟರು ಬಂದಾಗ ಹಳೆಯ ಹಾಳೆ ನೋಡಿ ಇಳಿಸಿಕೊಂಡಿದ್ದರು. ಅವಳ ತಮ್ಮ ಮರದಿಂದ ಬಿದ್ದದ್ದು ಎಲ್ಲಿಯೂ ಇರಲಿಲ್ಲ.

ಅರ್ಥವಾದ ಮಾತುಗಳನ್ನು ನರಸಿಂಹಯ್ಯ ಕನ್ನಡದಲ್ಲಿ ಹೇಳಿದರು. ಅರ್ಥವಾಗದ್ದನ್ನು, "ಇದು ನನಗೆ ತಿಳಿಯಲ್ಲಮ್ಮ" ಎಂದು ಪಕ್ಕಕ್ಕಿಟ್ಟರು. ಸೇರಿದ ದಿನ, ಬಿಟ್ಟ ದಿನ, ಯಾವ ದಿನ ಮೂರ್ಛೆ ಬಂತು, ಯಾವ ದಿನ ಊಟ ಮಾಡಿತು ಎಂಬುದೆಲ್ಲ ಇತ್ತು. ಅವಳು ಹಾಳೆಗಳನ್ನು ತಾರೀಖಿನ ಪ್ರಕಾರ ಜಗಲಿಯ ಉದ್ದಕ್ಕೂ ಹರಡಿ, ಹಾರದಂತೆ ಮೇಲೆ ಒಂದೊಂದು ಕಲ್ಲಿಟ್ಟಳು. ಒಳಗಿನಿಂದ ಕುಂಕುಮದ ಭರಣಿ ತಂದಳು. ಕೂಸು ಗೆಲುವಾಗಿದ್ದ ದಿನಗಳ ಹಾಳೆಯ ಮೂಲೆಗೆ ಕುಂಕುಮದ ಬೊಟ್ಟು ಇಟ್ಟಳು, ಮೂರ್ಛೆ ಬಂದ ದಿನಗಳಿಗೆ ಇದ್ದಿಲಿನ ಬೊಟ್ಟು.

"ಕಾಗ್ದಕ್ಕೆ ಆರತಿ ಎತ್ತು, ಅದೊಂದು ಬಾಕಿ" ಎಂದಳು ಭದ್ರಮ್ಮ ಬಾಗಿಲಿನಿಂದ.

ಅಂಜಿನಮ್ಮ ಹಾಳೆಗಳ ಮುಂದೆ ಕುಕ್ಕರಿಸಿ ಕೂತಳು. ಅವಳು ನೋಡುತ್ತಿದ್ದಳು. ಕೆಂಪು ಬೊಟ್ಟುಗಳೆಲ್ಲ ಆಸ್ಪತ್ರೆಯಲ್ಲಿದ್ದ ದಿನಗಳು. ಕಪ್ಪು ಬೊಟ್ಟುಗಳೆಲ್ಲ ಮನೆಯಿಂದ ಎತ್ತಿಕೊಂಡು ಹೋದ ದಿನಗಳು. ನಡುವೆ ಒಮ್ಮೆ ಗೌರಿ ಹಬ್ಬಕ್ಕೆಂದು ಹೂಡಿಗೆ ಬಂದು ತವರಿನಲ್ಲಿ ಉಳಿದಿದ್ದಳು. ಅದಕ್ಕೆ ಕಾಗದವಿರಲಿಲ್ಲ, ಆದರೆ ಅವಳಿಗೆ ನೆನಪಿತ್ತು. ಆಗ ರತ್ನಿ ಹೋಳಿಗೆ ಕೇಳಿ ತಿಂದಿತ್ತು.

"ಸಾಮಿ, ಒಂದ್ಮಾತು. ರಕ್ತದಾಗೇ ಇರೋ ಕಾಯ್ಲೆ ಆದ್ರೆ, ಆಸ್ಪತ್ರೆಗೋದ್ರೂ ಅದೇ ರಕ್ತ ತಾನೇ? ಅಲ್ಲಿ ಯಾಕೆ ಬರಲ್ಲ? ಮನೆಗ್ಬಂದ್ರೆ ಯಾಕೆ ಬತ್ತದೆ?"

ನರಸಿಂಹಯ್ಯ ಕೈಯಲ್ಲಿದ್ದ ಹಾಳೆ ತಿರುವಿ, "ಅಲ್ಲಿ ಹೊತ್ತುಹೊತ್ತಿಗೆ ಔಷಧಿ ಕೊಡ್ತಾರೆ" ಎಂದರು.

"ಇಲ್ಲೂ ಕೊಟ್ಟಿದೀನಿ. ಮುನೇಸ್ವರನ ಆಣೆ, ಒಂದು ಹೊತ್ತೂ ಬಿಟ್ಟಿಲ್ಲ."

ಭದ್ರಮ್ಮ ಒಳಗಿನಿಂದ, "ಅಂಗಾದ್ರೆ ನಮ್ಮನೆಗೇ ದೋಸ ಅನ್ನು. ನಿನ್ನ ಬಾಯಲ್ಲಿ ಅದೂ ಬರ್ಲಿ" ಎಂದಳು.

ಆ ವಾರ ಕಳೆಯುವುದರೊಳಗೆ ರತ್ನಿಗೆ ವಾಂತಿ ಹಿಡಿಯಿತು. ಮಾತು ತೊದಲತೊಡಗಿತು. ಲೋಟ ಹಿಡಿದರೆ ಮಣಿಕಟ್ಟು ಬಾಡಿದ ಕಾಂಡದಂತೆ ಕೆಳಗೆ ಬೀಳುತ್ತಿತ್ತು. ಸೇರಿಸುವುದು ಬೇಡ ಎಂದು ದೊಡ್ಡ ಡಾಕ್ಟರು ಹೇಳಿದ್ದರಿಂದ ಮನೆಯವರು ಮಾತ್ರೆಯನ್ನೇ ಕೊಡುತ್ತಿದ್ದರು. ಅಂಜಿನಮ್ಮ ಯಾರನ್ನೂ ಕೇಳಲಿಲ್ಲ. ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು, ಚೀಲ ಕಂಕುಳಲ್ಲಿಟ್ಟು ಬಸ್ಸು ಹತ್ತಿದಳು.

ದೊಡ್ಡ ಡಾಕ್ಟರು ರಜೆಯಲ್ಲಿದ್ದರು. ಆ ಕುರ್ಚಿಯಲ್ಲಿ ಡಾಕ್ಟರ್ ಅನುಸೂಯಮ್ಮ ಎಂಬವರು ಕೂತಿದ್ದರು. ನರೆತ ಕೂದಲು, ದಪ್ಪ ಕನ್ನಡಕ, ಮಾತು ಕಡಿಮೆ. ಕೂಸನ್ನು ನೋಡಿದ ಕೂಡಲೇ ಮಂಚ ಕೊಡಿಸಿದರು. ಆಮೇಲೆ ಚೀಲದ ಕಾಗದಗಳನ್ನು ತೆಗೆದರು.

"ಈ ಬೊಟ್ಟುಗಳೇನು?"

ಅಂಜಿನಮ್ಮ ಹೇಳಿದಳು. ಡಾಕ್ಟರಮ್ಮ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಅರ್ಧಕ್ಕೆ ಬಂದಾಗ ಮತ್ತೆ ಹಿಂದಕ್ಕೆ ಹೋಗಿ ಮೊದಲಿನಿಂದ ನೋಡಿದರು.

"ನಿನ್ನ ತಮ್ಮನಿಗೆ ಹುಟ್ಟಿನಿಂದ ಮೂರ್ಛೆ ಇತ್ತಾ?"

"ಇಲ್ಲಾ ಡಾಕ್ಟ್ರಮ್ಮ. ಮರದ್ಮೇಲಿಂದ ಬಿದ್ದ. ಆಮ್ಯಾಲೆ ಬಂತು."

"ಇದನ್ನ ಯಾರಿಗೂ ಹೇಳಲಿಲ್ವಾ?"

"ಕೇಳ್ನಿಲ್ಲ."

ಡಾಕ್ಟರಮ್ಮ ಮತ್ತೊಂದು ಹಾಳೆ ತೆಗೆದರು. "ನಿಮ್ಮದು ಬೇಸಾಯ. ಹೊಲಕ್ಕೆ ಹೊಡೆಯೋ ಔಷಧಿ ಏನಾದರೂ ಮನೇಲಿ ಇಟ್ಟಿರ್ತೀರಾ? ಮಗು ಅದನ್ನ ಮುಟ್ಟುತ್ತಾ? ಏನು ಬೆಳೀತೀರ?"

"ಏನೂ ಬೆಳ್ಯಲ್ಲ."

"ಅಂದರೆ?"

"ಭೂಮಿ ಫ್ಯಾಕ್ಟ್ರಿಗೋಯ್ತು. ನಾನು ಮದ್ವೆ ಆಗಕ್ ಮುಂಚೇನೇ ಓಗಿತ್ತು."

ಡಾಕ್ಟರಮ್ಮ ಕನ್ನಡಕ ತೆಗೆದು ಅವಳ ಮುಖ ನೋಡಿದರು. "ಮತ್ತೆ ಎಲ್ಲ ಹಾಳೇಲೂ ಬೇಸಾಯ ಅಂತ ಬರೆಸಿದ್ದೀರಲ್ಲಮ್ಮ."

"ನಾವು ಯಾರು ಅಂತ ಕೇಳವ್ರೆ ಅಂದ್ಕಂಡು ಮಾವ ಹೇಳಿದ್ದು" ಎಂದಳು ಅಂಜಿನಮ್ಮ. ಬೇರೆ ಏನು ಹೇಳಬಹುದಿತ್ತು ಎಂದು ಅವಳಿಗೆ ಆಗಲೂ ತೋಚಲಿಲ್ಲವಂತೆ. ಆ ಊರಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಕಾರ್ಖಾನೆಯ ಗೇಟಿನಲ್ಲಿ ನಿಲ್ಲುವವನೂ, ಕೋಣೆಗಳ ಬಾಡಿಗೆಯಲ್ಲಿ ಬದುಕುವವನೂ.

"ಸರಿ. ನಿನ್ನ ಗಂಡ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಾನೆ? ಅದನ್ನ ಹೇಳು."

ಅವಳು ಹೇಳಿದಳು. ಕೊಟ್ಟಿಗೆ, ಹಳೇ ಬ್ಯಾಟರಿ, ಕುಲುಮೆ, ಹೊಗೆ. ಡಾಕ್ಟರಮ್ಮ ಎಲ್ಲ ಕೇಳಿ ಎದ್ದು ಮಂಚದ ಹತ್ತಿರ ಹೋದರು. ಕೂಸಿನ ಕೈಯನ್ನು ಎತ್ತಿ ಬಿಟ್ಟು ನೋಡಿದರು. ಅದು ಇಳಿಬಿದ್ದಿತು. ಆ ಸಂಜೆಯೇ ಮೊಣಕಾಲಿನ ಎಕ್ಸ್‌ರೇ ತೆಗೆಸಿದರು. ಅದುವರೆಗೆ ಎದೆಯದನ್ನೇ ತೆಗೆದಿದ್ದರು, ಕಾಲಿನದನ್ನು ಯಾರೂ ನೋಡಿರಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಜಿನಮ್ಮನನ್ನು ಕರೆದರು. ಮೂಳೆಯ ತುದಿಯಲ್ಲಿ ವಿಭೂತಿಪಟ್ಟೆಯಂತೆ ಬೆಳ್ಳಗೆ ದಪ್ಪ ಗೆರೆ ಎಳೆದಿತ್ತು.

"ಇದು ಮೂರ್ಛೆರೋಗ ಅಲ್ಲ. ಸೀಸ. ಬ್ಯಾಟರಿ ಒಳಗೆ ಇರೋದು ಅದೇ. ಮಗುವಿನ ಮೈಗೆ ಸೇರಿದೆ. ರಕ್ತಕ್ಕೂ ಮೂಳೆಗೂ ಮಿದುಳಿಗೂ."

"ನನ್ನ ಕಡೆಯಿಂದ ಬಂದಿದ್ದಲ್ವಾ?"

"ಅಲ್ಲ."

ಇಷ್ಟು ದಿನ ಆ ಒಂದು ಮಾತಿಗಾಗಿ ಅವಳು ಕಾದಿದ್ದಳು. ಕೇಳಿದ ಮೇಲೆ ಚೀಲದ ಬಾಯಿ ಕಟ್ಟತೊಡಗಿದಳು. ಡಾಕ್ಟರಮ್ಮ ಬಿಡಲಿಲ್ಲ. ಮಗು ಎಲ್ಲಿ ಆಡುತ್ತದೆ, ಎಲ್ಲಿ ಮಲಗುತ್ತದೆ, ಏನು ಬಾಯಿಗೆ ಹಾಕಿಕೊಳ್ಳುತ್ತದೆ, ಗಂಡ ಅದೇ ಬಟ್ಟೆಯಲ್ಲಿ ಎತ್ತಿಕೊಳ್ಳುತ್ತಾನಾ ಎಂದೆಲ್ಲ ಕೇಳಿದರು. ಕೊನೆಗೆ, ಅಡಿಗೆಪಾತ್ರೆಯ ಹತ್ತಿರ ಆ ಧೂಳು ಬರುತ್ತಾ, ಪಾತ್ರೆ ಹೇಗೆ ತೊಳೆಯುತ್ತೀಯ ಎಂದರು.

"ಬೂದೀಲಿ ಉಜ್ತೀವಿ. ನಮ್ಮನೇಲಿ ಈಗ ಸೌದೆ ಒಲೆ ಇಲ್ಲಾ ಡಾಕ್ಟ್ರಮ್ಮ, ಸೀಮೆಣ್ಣೆ ಸ್ಟೌ. ದನ ಇಲ್ದೆ ಬೆರಣೀನೂ ಇಲ್ಲ. ಬೂದಿ ಎಲ್ಲಿಂದ ಬತ್ತದೆ. ಅದಕ್ಕೇ ಕೊಟ್ಟಿಗೆ ಕುಲುಮೆದು ತರ್ತೀವಿ. ಹಿಟ್ಟಿನಂಗೆ ನುಣ್ಣಗಿರ್ತದೆ. ಹುಣಸೇಹಣ್ಣಿನ ಜೊತೆ ಉಜ್ಜುದ್ರೆ ಹಿತ್ತಾಳೆ ಬಂಗಾರದಂಗೆ…"

ಇಷ್ಟು ಹೇಳಿ ಅಂಜಿನಮ್ಮ ನನ್ನ ಮುಂದೆಯೂ ಪ್ರತಿಸಲ ನಿಲ್ಲಿಸುತ್ತಿದ್ದಳು. ಮುಂದಿನದನ್ನು ಅವಳ ಬೇರೆ ಮಾತುಗಳಿಂದ ನಾನೇ ಜೋಡಿಸಿಕೊಂಡೆ. ರತ್ನಿಗೆ ಹಾಲು ಕೊಡುತ್ತಿದ್ದದ್ದು ಹಿತ್ತಾಳೆಯ ಪುಟ್ಟ ಚೆಂಬಿನಲ್ಲಿ. ತಾಯಿ ಪಾತ್ರೆ ಉಜ್ಜುವಾಗ ಕೂಸೂ ಪಕ್ಕದಲ್ಲಿ ಕೂತು ತನ್ನ ಚೆಂಬನ್ನು ತಾನೇ ಉಜ್ಜುತ್ತೇನೆಂದು ಹಟ ಮಾಡಿ, ಕೈತುಂಬ ಬೂದಿ ಬಳಿದುಕೊಂಡು ಉಜ್ಜುತ್ತಿತ್ತು. ಹಬ್ಬ ಬಂತೆಂದರೆ, ಕೂಸಿನ ಸಲುವಾಗಿ ಹರಕೆಯ ಪೂಜೆ ಎಂದರೆ, ಮನೆಯ ದೀಪ, ತಟ್ಟೆ, ಕೊಡ ಎಲ್ಲ ಹಿತ್ತಲಿಗೆ ಬರುತ್ತಿದ್ದವು. ಆ ದೇವರ ಸೇವೆಯಲ್ಲಿ ಅವಳದೇನೂ ತಪ್ಪಿಲ್ಲ ಎಂದು ನಾನು ಹೇಳಿದೆ. ಅವಳು ಕೇಳಿಸಿಕೊಂಡಳು, ಒಪ್ಪಿಕೊಳ್ಳಲಿಲ್ಲ.

ಸೂಜಿಮದ್ದು ಶುರುವಾಯಿತು. ಸೀಸವನ್ನು ಮೂತ್ರದಲ್ಲಿ ಹೊರಗೆ ಎಳೆಯುವ ಔಷಧಿಯಂತೆ. ತೊಡೆಗೆ ಚುಚ್ಚುತ್ತಿದ್ದರು, ಬಲು ನೋವು. ನರ್ಸಿನ ಹೆಜ್ಜೆಯ ಸಪ್ಪಳ ಕೇಳಿದರೆ ಕೂಸು ಮಂಚದ ಕಂಬಿ ಹಿಡಿಯಲು ಹೋಗುತ್ತಿತ್ತು. ಕೈ ನಿಲ್ಲುತ್ತಿರಲಿಲ್ಲ. ಹಿಡಿದುಕೊಳ್ಳುವ ಕೆಲಸ ಅಂಜಿನಮ್ಮನದು. ಒಂದು ಸಲ, "ಅಮ್ಮ ಬಿಡು, ಅಮ್ಮ ಬಿಡು" ಎಂದಿತು. ಮಾರನೆಯ ದಿನ ಜ್ವರ ಏರಿ, ಮೂರ್ಛೆಯ ಮೇಲೆ ಮೂರ್ಛೆ ಬಂದು, ಪ್ರಜ್ಞೆ ಹೋಯಿತು. ಮಿದುಳು ಊದಿಕೊಂಡಿದೆ ಎಂದರು ಡಾಕ್ಟರಮ್ಮ.

ಕೂಸು ಮಾತೇ ಇಲ್ಲದೆ ಮಲಗಿದ್ದ ಆ ದಿನಗಳಲ್ಲಿ ಲಕ್ಷ್ಮಣಪ್ಪ ಮಂಚದ ಪಕ್ಕ ಬಿಡಲಿಲ್ಲ. ಅಂಜಿನಮ್ಮ ಒಂದು ಹಗಲಿಗೆ ಮನೆಗೆ ಹೋದಳು. ಪರೀಕ್ಷೆಗೆಂದು ಬೂದಿ ತರಲು ಡಾಕ್ಟರಮ್ಮ ಹೇಳಿದ್ದರು. ಕೊಟ್ಟಿಗೆಯ ಬಾಗಿಲಲ್ಲಿ ವೆಂಕಟರಮಣಪ್ಪ ನಿಂತಿದ್ದ. ಚಿಕ್ಕಬೈರಪ್ಪ ಜಗಲಿಯ ಮೇಲಿದ್ದ.

"ಈ ಬೂದಿಯಿಂದ್ಲೇ ಕೂಸಿಗೆ ಹಿಂಗಾಗಿದ್ದು" ಎಂದಳು ಅವಳು, ಡಬ್ಬಕ್ಕೆ ತುಂಬುತ್ತ.

ವೆಂಕಟರಮಣಪ್ಪ, "ತಾಯಿ, ನಾನೇನು ತಗೊಳ್ಳಿ ಅಂತ ಬಲವಂತ ಮಾಡಿದ್ನಾ? ನೀವಾಗೇ ಬಂದು ಬಾಚ್ಕೊಂಡು ಹೋಗ್ತಿದ್ರಿ. ನನ್ನ ಆಳುಗಳಿಗೆ ಏನೂ ಆಗಿಲ್ವಲ್ಲ" ಎಂದ.

ಚಿಕ್ಕಬೈರಪ್ಪ ಹೇಳಿದ: "ನಾನೂ ಅದೇ ತಟ್ಟೇಲೇ ಉಣ್ತೀನಿ ಕಣಮ್ಮಿ. ಸೀಸ ಆಗಿದ್ರೆ ನನ್ಗ್ಯಾಕೆ ಏನಾಗ್ನಿಲ್ಲ? ಆ ಡಾಕ್ಟ್ರಮ್ಮ ನಿನ್ ಮನ್ಸಿಗೆ ಸಮಾಧಾನಕ್ಕೆ ಏನೋ ಹೇಳವ್ಳೆ."

"ಮಾವ, ನಿಮ್ದು ಬಲಿತ ಮೂಳೆ. ಅದರದು ಎಳೇದು ಅಂದ್ರು. ಮೂಳೆ ಒಳಗೆ ಗೆರೆ ನಾನೇ ನೋಡಿದೀನಿ." ಆಮೇಲೆ ಮೆಲ್ಲಗೆ ಹೇಳಿದಳು: "ಮೊದಲ್ನೇ ದಿನ ಕೊಟ್ಟಿಗೆ ವಿಷ್ಯ ಹೇಳಿದ್ರೆ ಅವತ್ತೇ ತಿಳೀತಿತ್ತಂತೆ."

ಚಿಕ್ಕಬೈರಪ್ಪ ಬೀಡಿಗೆಂದು ಜೇಬಿಗೆ ಹಾಕಿದ ಕೈಯನ್ನು ಹಾಗೇ ಹೊರಗೆ ತೆಗೆದ. "ನಾನು ಸುಳ್ಳು ಹೇಳಿದ್ನಾ?" ಎಂದು ಕೇಳಿದ. ಸೊಸೆಯನ್ನು ಕೇಳಿದನೋ ತನ್ನನ್ನೇ ಕೇಳಿಕೊಂಡನೋ ಗೊತ್ತಾಗಲಿಲ್ಲ. ಅವಳು, "ಇಲ್ಲ ಮಾವ" ಎಂದು ಹೇಳಿ ಬಸ್ಸಿಗೆ ಹೊರಟಳು. ಭದ್ರಮ್ಮ ಹಿಂದಿನಿಂದ ಓಡಿಬಂದು ಕೂಸಿಗೆಂದು ಒಂದು ಮಡಿಸಿದ ಹಳೇ ಸೀರೆ ಕೊಟ್ಟಳು.

ರತ್ನಿ ಬದುಕಿತು. ಪ್ರಜ್ಞೆ ಬಂತು, ಮೂರ್ಛೆ ನಿಂತಿತು, ಹೊಟ್ಟೆನೋವು ಹೋಯಿತು. ರಕ್ತದ ಪರೀಕ್ಷೆ ಪ್ರತಿಸಲವೂ ಮೊದಲಿಗಿಂತ ಚೆನ್ನಾಗಿ ಬಂತು. ಮಾತು ಬರಲಿಲ್ಲ. ಅಂಜಿನಮ್ಮ ಮುಖದ ಹತ್ತಿರ ಹೋಗಿ, "ತಾತ ಬೀಡಿ ಸೇದ್ತವ್ನೆ ನೋಡು" ಎಂದು ಎಷ್ಟೋ ಸಲ ಹೇಳಿದಳು. ಕೂಸು ಅವಳ ತುಟಿ ನೋಡುತ್ತಿತ್ತು.

ಬಿಡುಗಡೆಯ ದಿನ ಡಾಕ್ಟರಮ್ಮ ಹತ್ತಿರ ಕೂರಿಸಿಕೊಂಡು ಕನ್ನಡದಲ್ಲೇ ಎಲ್ಲ ಹೇಳಿದರು. "ಮೈಯಲ್ಲಿದ್ದ ಸೀಸ ಇಳಿದಿದೆ. ಮಿದುಳಿಗೆ ಆದದ್ದನ್ನ ಸೂಜಿ ವಾಪಸು ತರಲ್ಲ. ಕೈ ಸ್ವಲ್ಪ ಬರಬಹುದು. ಮಾತು ಬಂದರೆ ನಿನ್ನ ಪುಣ್ಯ. ಆದರೆ ಒಂದು ತಿಳ್ಕೋ, ಆ ಮನೆಗೆ ಕರ್ಕೊಂಡು ಹೋದರೆ ಮತ್ತೆ ಶುರುವಾಗುತ್ತೆ. ಕೊಟ್ಟಿಗೆ ಖಾಲಿ ಮಾಡಿಸಿದರೂ ಆ ಹಿತ್ತಲ ಮಣ್ಣಲ್ಲಿ ಅದು ಇದ್ದೇ ಇರುತ್ತೆ."

"ಎಷ್ಟು ಕಾಲ?"

"ನನ್ನ ನಿನ್ನ ಕಾಲಕ್ಕೂ ಆಚೆ."

ಹಾಗೆ ಅವಳು ಹೂಡಿಗೆ ಬಂದಳು. ಗಂಡ ಬಿಟ್ಟವಳು ಎಂದು ನಮ್ಮ ಬೀದಿಯಲ್ಲೂ ಆಡಿಕೊಂಡರು. ಅವಳು ಯಾರಿಗೂ ಕಾಗದ ತೋರಿಸಲು ಹೋಗಲಿಲ್ಲ. ಬೆಳಿಗ್ಗೆ ತವರಿನ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಕೂಸನ್ನು ಅವಳ ತಾಯಿ ನೋಡಿಕೊಳ್ಳುತ್ತಿದ್ದಳು. ಶನಿವಾರ ಭಜನೆಗೆ ಎತ್ತಿಕೊಂಡು ಬರುತ್ತಿದ್ದಳು. ನಾವು ಹಾಡುವಾಗ ರತ್ನಿ ದೀಪದ ಕಡೆ ನೋಡುತ್ತ ಕೂರುತ್ತಿತ್ತು. ಅದಕ್ಕೆ ಕಿವಿ ಕೇಳುತ್ತದೆ ಎಂದು ತಾಯಿ ಹೇಳುತ್ತಿದ್ದಳು. ಕೇಳುತ್ತದೆ ಎಂದು ನಾನೂ ನಂಬಿದ್ದೇನೆ.

ಅಲ್ಲಿನ ಕೊಟ್ಟಿಗೆಯನ್ನು ಚಿಕ್ಕಬೈರಪ್ಪ ಕೊನೆಗೆ ಬಿಡಿಸಿದ. ವೆಂಕಟರಮಣಪ್ಪ ಸಾಮಾನು ಎತ್ತಿಕೊಂಡು ಮಾದನಾಯಕನಹಳ್ಳಿಯ ಕಡೆ ಬೇರೊಂದು ಹಿತ್ತಲು ಹಿಡಿದ. ಲಕ್ಷ್ಮಣಪ್ಪ ಆ ಕೆಲಸ ಬಿಟ್ಟು ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಭಾನುವಾರ ಎರಡು ಬಸ್ಸು ಬದಲಾಯಿಸಿ ಹೂಡಿಗೆ ಬರುತ್ತಾನೆ.

ಅಂಥ ಒಂದು ಭಾನುವಾರ ನಾನೂ ಅವರ ಮನೆಯಲ್ಲಿದ್ದೆ. ಅವನು ಒಳಗೆ ಬರಲಿಲ್ಲ. ಬಾವಿಯ ಹತ್ತಿರ ಹೋಗಿ ಕೈಗಳನ್ನು ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದ. ಮುಖ, ಕತ್ತು ತೊಳೆದ. ಚೀಲದಲ್ಲಿ ತಂದಿದ್ದ ಬೇರೆ ಅಂಗಿ ಹಾಕಿಕೊಂಡ. ಈಗ ಮುಟ್ಟುವುದು ಅಕ್ಕಿ ಮೂಟೆಗಳನ್ನು, ಆದರೂ ಹಾಗೇ ಮಾಡುತ್ತಾನೆ ಎಂದಳು ಅಂಜಿನಮ್ಮ.

ಅವನು ಬಂದು ಕೂತ ಮೇಲೆ ಅವಳು ಕೇಳಿದಳು: "ಮಾದನಾಯಕನಳ್ಳಿಗೆ ಓಗಿದ್ರಾ?"

"ಓಗಿದ್ದೆ. ಕುಲುಮೆ ಪಕ್ಕದಾಗೇ ಮನೆ ಐತೆ. ಮಕ್ಕಳು ಅಲ್ಲೇ ಆಡ್ತವೆ."

"ಹೇಳುದ್ರಾ?"

"ಹೇಳ್ದೆ. ಬೂದಿ ಮುಟ್ಬ್ಯಾಡಿ, ಮಕ್ಕಳ್ನ ಬಿಡ್ಬ್ಯಾಡಿ ಅಂತ ಹೇಳ್ದೆ. ನಮ್ ಕೂಸಿಗೆ ಆದದ್ದು ಹೇಳ್ದೆ."

"ಏನಂದ್ರು?"

"ಆ ಮನೆಯಮ್ಮ ಒಳ್ಳೇವ್ಳೇ. ಕೂರ್ಸಿ, ಫಳಫಳ ಹೊಳ್ಯೋ ಚೆಂಬ್ನಾಗೆ ಮಜ್ಜಿಗೆ ಕೊಟ್ಳು. ನಿಮ್ ಕಡೆ ಯಾರ್ಗಾದ್ರೂ ಮೂರ್ಛೆ ಇತ್ತಾ ಅಂದ್ಳು."

"ಮಜ್ಜಿಗೆ ಕುಡುದ್ರಾ?" ಎಂದು ಅಂಜಿನಮ್ಮ ಕೇಳಿದಳು.

"ಇಲ್ಲ."

ಅವನು ಚಾಪೆಯ ಮೇಲೆ ರತ್ನಿಯ ಪಕ್ಕಕ್ಕೆ ಸರಿದ. ತಂದಿದ್ದ ಕಡಲೇಕಾಯಿಯನ್ನು ಸುಲಿದು, ಬೀಜದ ಸಿಪ್ಪೆ ಉಜ್ಜಿ ಊದಿ, ಹಲ್ಲಿನಲ್ಲಿ ಕಡಿದು ಚೂರು ಮಾಡಿ ಒಂದೊಂದೇ ಅದರ ಬಾಯಿಗೆ ಇಟ್ಟ. ಅದು ನುಂಗುವವರೆಗೆ ಕಾದು ಇನ್ನೊಂದು ಸುಲಿದ. ಬಸ್ಸಿನ ಹೊತ್ತಾಯಿತು ಎಂದು ಅಂಜಿನಮ್ಮನ ತಾಯಿ ಎರಡು ಸಲ ಹೇಳಿದಳು. ಅವನು ಏಳಲಿಲ್ಲ.